ಸಣ್ಣ ಕಾರಿಗೆ ರಿಯಾಯಿತಿಗಿಂತ ಸೂತ್ರದ ತಿದ್ದುಪಡಿ ಮೇಲು

ಮಾನ್ಯ ಸಂಪಾದಕರೇ,

ಕಾರುಗಳ ಇಂಧನ ದಕ್ಷತೆಯ ‘ಕೆಫೆ–3’ (ಕಂಪನಿವಾರು ಸರಾಸರಿ ಇಂಧನ ದಕ್ಷತೆಯ ಮೂರನೇ ಹಂತ) ನಿಯಮದ ಚರ್ಚೆಯಲ್ಲಿ ‘ಸಣ್ಣ ತಯಾರಕ’ ಮತ್ತು ‘ಸಣ್ಣ ಕಾರು’ ಎಂಬ ಎರಡು ಬೇರೆ ವಿಷಯಗಳು ಕಲಸಿಹೋಗಿವೆ.

ಕೆಫೆ ನಿಯಮ ಒಂದೊಂದು ಕಾರನ್ನು ಅಳೆಯುವುದಿಲ್ಲ. ಕಂಪನಿ ವರ್ಷವಿಡೀ ಮಾರಿದ ಕಾರುಗಳ ಸರಾಸರಿಯನ್ನು ಅಳೆಯುತ್ತದೆ. ಹೊಗೆ ಹೆಚ್ಚಿನ ಮಾದರಿಯನ್ನು ಕಡಿಮೆಯದು ಸರಿದೂಗಿಸುತ್ತದೆ. ಒಂದೆರಡೇ ಮಾದರಿ ಇರುವ ಪುಟ್ಟ ಕಂಪನಿಗೆ ಆ ದಾರಿಯಿಲ್ಲ. ಅದಕ್ಕೇ ಯುರೋಪಿನಲ್ಲಿ ವರ್ಷಕ್ಕೆ 1,000ಕ್ಕಿಂತ ಕಡಿಮೆ ಕಾರು ನೋಂದಣಿಯಾಗುವ ತಯಾರಕರಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ಜಗತ್ತಿನಾದ್ಯಂತ 10,000ಕ್ಕಿಂತ ಕಡಿಮೆ ಕಾರು ತಯಾರಿಸುವವರು ಅರ್ಜಿ ಹಾಕಿ ಬದಲಿ ಗುರಿ ಪಡೆಯಬಹುದು. ಅದು ಪೂರ್ತಿ ಮಾಫಿಯಲ್ಲ; ಅವರಿಂದ ಎಷ್ಟು ಸಾಧ್ಯವೋ ಅಷ್ಟನ್ನು ಸಾಧಿಸಲೇಬೇಕು.

ನಮ್ಮಲ್ಲಿ ಕೇಳಿಬಂದ ಬೇಡಿಕೆ ಬೇರೆ ಜಾತಿಯದು; ಅದು ಸಣ್ಣ ಕಾರಿಗೆ ರಿಯಾಯಿತಿ ಕೊಡಿ ಎಂಬುದು. ಇಂಧನ ದಕ್ಷತಾ ಬ್ಯೂರೊ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡು, 909 ಕಿಲೊ ಮೀರದ ಖಾಲಿ ತೂಕ, 1,200 ಸಿಸಿ ಒಳಗಿನ ಎಂಜಿನ್ ಮತ್ತು 4 ಮೀಟರ್ ಒಳಗಿನ ಉದ್ದದ ಪೆಟ್ರೋಲ್ ಕಾರುಗಳಿಗೆ ಕಿ.ಮೀ.ಗೆ 3 ಗ್ರಾಂ ಇಂಗಾಲದ ಡೈಆಕ್ಸೈಡ್‌ನ ರಿಯಾಯಿತಿ ಸೂಚಿಸಿತ್ತು. ಇಂಥ ಕಾರುಗಳನ್ನು ಲಕ್ಷಗಟ್ಟಲೆ ಮಾರುವ ಕಂಪನಿ ‘ಸಣ್ಣ ತಯಾರಕ’ ಅಲ್ಲ. ಹಾಗೆಂದು ಸಣ್ಣ ಕಾರಿಗೆ ಗುರಿ ಅತಿ ಬಿಗಿ ಎಂಬ ಅವರ ದೂರು ಸುಳ್ಳೂ ಅಲ್ಲ. ದೋಷ ಇರುವುದು ಸೂತ್ರದಲ್ಲಿ.

ಆ ಕರಡಿನ ಸೂತ್ರ ಹೀಗಿತ್ತು: ಕಂಪನಿಯ ಕಾರುಗಳ ಸರಾಸರಿ ತೂಕದಿಂದ 1,170 ಕಿಲೊ ಕಳೆದು, ಉಳಿದದ್ದನ್ನು 0.002ರಿಂದ ಗುಣಿಸಿ, ಅದಕ್ಕೆ 2027–28ರ ಅಂಕಿಯಾದ 3.7264 ಕೂಡಿಸಬೇಕು. ಬರುವ ಉತ್ತರ 100 ಕಿ.ಮೀ.ಗೆ ಇಷ್ಟು ಲೀಟರ್ ಪೆಟ್ರೋಲ್ ಎಂಬ ಗುರಿ. ಸರಾಸರಿ 900 ಕಿಲೊ ಇರುವ ಕಂಪನಿಗೆ ಇದು 3.19 ಲೀಟರ್, ಎಂದರೆ ಲೀಟರಿಗೆ 31 ಕಿ.ಮೀ. 1,600 ಕಿಲೊ ಇರುವ ಕಂಪನಿಗೆ 4.59 ಲೀಟರ್, ಲೀಟರಿಗೆ ಸುಮಾರು 22 ಕಿ.ಮೀ. ಸಾಕು. ಭಾರದ ಕಾರಿಗೆ ಒಂದಷ್ಟು ಸಡಿಲ ಬೇಕು, ನಿಜ. ಟೈರ್ ಉರುಳುವ ಎಳೆತ ಮತ್ತು ವೇಗ ಹೆಚ್ಚಿಸಲು ಬೇಕಾದ ಶಕ್ತಿ ಎರಡೂ ತೂಕದ ಜೊತೆಗೇ ಏರುತ್ತವೆ. ಆದರೆ 0.002 ಎಂದರೆ ಪ್ರತಿ 100 ಕಿಲೊ ತೂಕಕ್ಕೆ 0.2 ಲೀಟರ್ ಸಡಿಲ; ಹೊಗೆಯ ಲೆಕ್ಕದಲ್ಲಿ ಕಿ.ಮೀ.ಗೆ ಸುಮಾರು 4.7 ಗ್ರಾಂ ಇಂಗಾಲದ ಡೈಆಕ್ಸೈಡ್. ಯುರೋಪು 2020ರ 95 ಗ್ರಾಂ ಗುರಿಗೆ ಕೊಟ್ಟದ್ದು 3.33 ಗ್ರಾಂ ಮಾತ್ರ. ನಮ್ಮ ಕರಡಿನ ಸೂತ್ರದಲ್ಲಿ ಗಟ್ಟಿ ಉಕ್ಕು ಬಳಸಿ 100 ಕಿಲೊ ಇಳಿಸಿದ ಕಂಪನಿಯ ಗುರಿಯೂ 4.7 ಗ್ರಾಂ ಬಿಗಿಯಾಗುತ್ತದೆ. ಮತ್ತೆ ಯಾರು ತೂಕ ಇಳಿಸುತ್ತಾರೆ?

ಈ ದೋಷಕ್ಕೆ 909 ಕಿಲೊದ ಗೆರೆ ತೇಪೆ ಹಾಕುತ್ತದೆ, ಜೊತೆಗೆ ಹೊಸ ತೊಡಕನ್ನೂ ತರುತ್ತದೆ. 905 ಕಿಲೊದ ಕಾರಿನ ಬಾಗಿಲೊಳಗೆ ಅಡ್ಡಪಟ್ಟಿ, ಚೌಕಟ್ಟಿಗೆ ಬಲವರ್ಧನೆ ಎಂದು 10 ಕಿಲೊ ಸೇರಿಸಿದರೆ ರಿಯಾಯಿತಿ ಹೋಯಿತು. ಸುರಕ್ಷತೆಗೆ ಹಾಕಿದ ಉಕ್ಕಿಗೆ ದಂಡ ತೆತ್ತಂತೆ!

0.002ರ ಬದಲು 0.0014 ಇಟ್ಟು ನೋಡಿ. 900 ಕಿಲೊದ ಗುರಿ ತಾನಾಗಿ 3.8 ಗ್ರಾಂ ಸಡಿಲವಾಗುತ್ತದೆ, ಕರಡಿನ 3 ಗ್ರಾಂಗಿಂತ ಹೆಚ್ಚು. 1,600 ಕಿಲೊದ್ದು ಸುಮಾರು 6 ಗ್ರಾಂ ಬಿಗಿಯಾಗುತ್ತದೆ. 909 ಆಗಲಿ 915 ಆಗಲಿ, ಎಲ್ಲೂ ಹಠಾತ್ ಮೆಟ್ಟಿಲಿಲ್ಲ. ಎಸ್‌ಯುವಿ ತಯಾರಕರು ಒಪ್ಪಲಿಕ್ಕಿಲ್ಲ, ಆ ಮಾತು ಬೇರೆ.

ಇನ್ನೊಂದು ವಿಷಯ. ಬ್ಯಾಟರಿ ಕಾರೊಂದನ್ನು ಮೂರೆಂದು ಎಣಿಸುವ ‘ಸೂಪರ್ ಕ್ರೆಡಿಟ್’ ಎಲ್ಲ ಲೆಕ್ಕವನ್ನೂ ತಿರುಚುತ್ತದೆ. 120 ಗ್ರಾಂ ಉಗುಳುವ 90,000 ಪೆಟ್ರೋಲ್ ಕಾರುಗಳ ಜೊತೆ 10,000 ಬ್ಯಾಟರಿ ಕಾರು ಮಾರಿದರೆ ನಿಜವಾದ ಸರಾಸರಿ 108 ಗ್ರಾಂ. ಕಾಗದದ ಮೇಲೆ 90. ಹಾಗೆಯೇ, ಸಣ್ಣ ತಯಾರಕರ ವಿನಾಯಿತಿಗೆ ಮಿತಿ ಹಾಕುವಾಗ ಸೋದರ ಕಂಪನಿಗಳ ಮಾರಾಟವನ್ನು ಒಟ್ಟಾಗಿಯೇ ಎಣಿಸಬೇಕು. ಇಲ್ಲವಾದರೆ ದೊಡ್ಡವರು ಹೆಸರು ಬದಲಿಸಿ ಸಣ್ಣವರಾಗುತ್ತಾರೆ. ಕಂಪನಿವಾರು ಸರಾಸರಿ ತೂಕ ಮತ್ತು ಕ್ರೆಡಿಟ್‌ಗೆ ಮುಂಚಿನ, ನಂತರದ ಎರಡೂ ಅಂಕಿಗಳನ್ನು ಪ್ರತಿವರ್ಷ ಒಂದೇ ಪಟ್ಟಿಯಲ್ಲಿ ಪ್ರಕಟಿಸುವ ಷರತ್ತನ್ನು ಅಂತಿಮ ಅಧಿಸೂಚನೆಯಲ್ಲೇ ಸೇರಿಸಬೇಕು.

– ಓರ್ವ ಓದುಗ