ಹತ್ತನೆಯ ಉಗುರನ್ನು ಗಮನಿಸಿದವರಿಗೆ

ನನ್ನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿದ್ದ ಕಪ್ಪು ಗೆರೆಯ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿ ಸೋಮವಾರ ಕೈಸೇರಿತು. ಕ್ಯಾನ್ಸರ್ ಇಲ್ಲ. ಉಗುರಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳು ಚುರುಕಾಗಿವೆ, ಅಷ್ಟೇ. ಇಷ್ಟು ದಿನ ವಿಚಾರಿಸುತ್ತಲೇ ಇದ್ದ ಎಲ್ಲರಿಗೂ ಮೊದಲು ಈ ಸುದ್ದಿ, ಆಮೇಲೆ ನನ್ನ ನಮಸ್ಕಾರ.

ಎಲ್ಲರಿಗಿಂತ ಮೊದಲು ನೆನೆಯಬೇಕಾದವಳು ನನ್ನ ನಾದಿನಿ. ನಮ್ಮ ತೀರ್ಥಹಳ್ಳಿಯ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರ ಉಗುರು ಬೆಳ್ಳಗಿರುತ್ತದೆ? ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕೈತುಂಬ ಕರೆ. ಹೆಬ್ಬೆರಳಿನ ಕಪ್ಪು ಗೆರೆಯನ್ನೂ ಎರಡು ವರ್ಷ ಆ ಲೆಕ್ಕಕ್ಕೇ ಸೇರಿಸಿದ್ದೆ. ಒಬ್ಬ ವೈದ್ಯರು ದೂರದಿಂದಲೇ ನೋಡಿ ಶಿಲೀಂಧ್ರದ ಮುಲಾಮು ಬರೆದುಕೊಟ್ಟಿದ್ದರು. ಯುಗಾದಿಗೆ ಬಂದ ನಾದಿನಿ ಹೋಳಿಗೆ ತಟ್ಟುತ್ತಿದ್ದ ನನ್ನ ಕೈ ಹಿಡಿದಳು. ನಿಂಬೆ ಹೋಳಿನಿಂದ ಉಜ್ಜಿದಳು, ಕಿಟಕಿಯ ಬೆಳಕಿಗೆ ಹಿಡಿದಳು. "ಅತ್ತಿಗೆ, ಸುಲಿತ ಮುಗಿದು ಎಷ್ಟು ಕಾಲವಾಯಿತು! ಒಂಬತ್ತು ಉಗುರು ಬೆಳ್ಳಗಿವೆ. ಇದು ಅಡಿಕೆ ಕರೆಯಲ್ಲ" ಎಂದಳು.

ಶಿವಮೊಗ್ಗದ ಚರ್ಮವೈದ್ಯೆ ಕೈಕಾಲುಗಳ ಇಪ್ಪತ್ತೂ ಉಗುರುಗಳನ್ನು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡಿದರು. ನನ್ನನ್ನು ಹೆದರಿಸಲಿಲ್ಲ, ಸುಮ್ಮನೆ ಸಮಾಧಾನವನ್ನೂ ಹೇಳಲಿಲ್ಲ. ಕಂದು ಮೈಬಣ್ಣದವರಿಗೆ ವಯಸ್ಸಾದಂತೆ ಹಲವು ಉಗುರುಗಳಲ್ಲಿ ತೆಳು ಗೆರೆ ಮೂಡುವುದು ಸಾಮಾನ್ಯವಂತೆ. ಬಿ12 ಕೊರತೆಯಿಂದಲೂ ಕೆಲವು ಔಷಧಿಗಳಿಂದಲೂ ಹಾಗಾಗುತ್ತದೆ. ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಕಲೆ ತುದಿಯತ್ತ ಸರಿಯುತ್ತದೆ, ಹಿಂದೆ ಶುಭ್ರ ಉಗುರು ಬರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ನನ್ನ ಗೆರೆ ಸರಿದಿರಲಿಲ್ಲ. ಬುಡದಿಂದ ತುದಿಯವರೆಗೂ ಇತ್ತು, ಅದೂ ಬುಡದಲ್ಲೇ ಹೆಚ್ಚು ಅಗಲ. ನನಗೆ 54 ವರ್ಷ, ಒಂದೇ ಉಗುರು, ಅದೂ ಹೆಬ್ಬೆರಳು, ಗೆರೆ 4 ಮಿಲಿಮೀಟರ್, ವರ್ಷದಲ್ಲಿ ಹಿಗ್ಗಿದೆ. ಇವೆಲ್ಲ ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಗುರುತುಗಳು. ಬಣ್ಣ ಉಗುರಿನಾಚೆ ಚರ್ಮಕ್ಕೆ ಹಬ್ಬಿರಲಿಲ್ಲ ಎಂಬುದೊಂದೇ ಧೈರ್ಯ. ಆದರೂ ಬುಡದ ತುಣುಕನ್ನು ಪರೀಕ್ಷಿಸದೆ ಬಿಡುವಂತಿಲ್ಲ ಎಂದರು.

ಬೆಂಗಳೂರಿನಲ್ಲಿರುವ ಮಗ ಆ ರಾತ್ರಿ ಫೋನಿನಲ್ಲಿ ಗಾಯಕ ಬಾಬ್ ಮಾರ್ಲಿಯ ವಿಷಯ ಹೇಳಿದ. ಅವರ ಕಾಲ್ಬೆರಳ ಉಗುರಿನಡಿಯ ಕಲೆಯನ್ನು ಮೊದಲು ಫುಟ್‌ಬಾಲ್ ಗಾಯವೆಂದೇ ತಿಳಿದಿದ್ದರಂತೆ. ಅದು ಮೆಲನೋಮ, ಅಂದರೆ ಬಣ್ಣದ ಕೋಶಗಳ ಕ್ಯಾನ್ಸರ್, ಎಂದು ಗೊತ್ತಾದದ್ದು 1977ರಲ್ಲಿ. 1981ರಲ್ಲಿ, 36ನೆಯ ವಯಸ್ಸಿಗೆ ತೀರಿಕೊಂಡರು. ನಾನು ಮರುದಿನವೇ ಒಪ್ಪಿಗೆ ತಿಳಿಸಿದೆ.

ಬೆರಳಿನ ಎರಡೂ ಪಕ್ಕಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟಾಗ ಕಣ್ಣಲ್ಲಿ ನೀರು ಬಂತು. ನನ್ನ ಎಡಗೈಯನ್ನು ಕೊನೆಯವರೆಗೂ ಬಿಡದೆ ಹಿಡಿದಿದ್ದ ನರ್ಸ್ ತಂಗಿ, ನಿಮ್ಮ ಹೆಸರು ಕೇಳುವುದನ್ನೂ ಮರೆತೆ. ನಿಮ್ಮ ಕೈಯ ಬಿಸುಪು ಮಾತ್ರ ನೆನಪಿದೆ.

ಆರು ತಿಂಗಳ ನಂತರ ಮತ್ತೆ ಬಂದು ತೋರಿಸಲು ವೈದ್ಯೆ ಹೇಳಿದ್ದಾರೆ. ಅಷ್ಟರಲ್ಲಿ ಕೊಯ್ಲು ಶುರುವಾಗಿರುತ್ತದೆ. ಕೈಗವಸು ಹಾಕಿ ಸುಲಿಯಬೇಕೆಂದು ನಾದಿನಿ ಈಗಲೇ ಎರಡು ಜೊತೆ ತಂದಿಟ್ಟಿದ್ದಾಳೆ.