ಶನಿವಾರದ ಸ್ಟಾಪ್ ಮೋಷನ್ ತರಗತಿ ಮತ್ತು ಮೊಬೈಲ್ ಕುರಿತು

ಮಾನ್ಯ ಪೋಷಕರೇ,

"ಮೊಬೈಲ್ ತರಬಾರದು ಎಂದು ಡೈರಿಯಲ್ಲಿ ಸಹಿ ಹಾಕಿಸಿಕೊಂಡವರೇ ಈಗ ಮೊಬೈಲ್ ಕೇಳುತ್ತೀರಾ?" ಎಂದು ಏಳನೇ ತರಗತಿಯ ಹಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ನಿಯಮ ಬದಲಾಗಿಲ್ಲ. ಮಕ್ಕಳ ಬ್ಯಾಗಿನಲ್ಲಿ ಫೋನು ಇರಕೂಡದು.

ಸ್ಟಾಪ್ ಮೋಷನ್ ಎಂದರೆ ಬೊಂಬೆಯನ್ನು ಚೂರುಚೂರೇ ಸರಿಸುತ್ತಾ ಒಂದೊಂದೇ ಫೋಟೊ ತೆಗೆದು, ಅವನ್ನು ಜೋಡಿಸಿ ಚಲಿಸುವ ಚಿತ್ರ ಮಾಡುವುದು. ಈ ತರಗತಿಯಲ್ಲಿ ಫೋನು ಮಕ್ಕಳ ಕೈಗೇ ಸಿಗುವುದಿಲ್ಲ. ಅದನ್ನು ಸ್ಟ್ಯಾಂಡಿಗೆ ಬಿಗಿದು, ಸ್ಟ್ಯಾಂಡಿನ ಕಾಲುಗಳನ್ನು ಬೆಂಚಿಗೆ ಟೇಪಿನಿಂದ ಅಂಟಿಸಿರುತ್ತೇವೆ. ಫೋಟೊ ತೆಗೆಯುವುದು ಇಯರ್‌ಫೋನಿನ ವಾಲ್ಯೂಮ್ ಗುಂಡಿಯಿಂದ. ಪರದೆಗೆ ಬೆರಳು ತಗುಲಿ ಫೋನು ಕೂದಲೆಳೆಯಷ್ಟು ಸರಿದರೂ ಚಿತ್ರದಲ್ಲಿ ಇಡೀ ಊರೇ ಎಗರಿಬೀಳುತ್ತದೆ. ಚಿತ್ರದ ಒಂದು ಸೆಕೆಂಡಿಗೆ 12 ಫೋಟೊ ಬೇಕು, ಅರ್ಧ ನಿಮಿಷಕ್ಕೆ 360. ಫೋಟೊದಿಂದ ಫೋಟೊಗೆ ಕ್ಲೇ ಬಸ್ಸನ್ನು ಹೊರಡುವಾಗ 2 ಮಿ.ಮೀ., ಆಮೇಲೆ 4, 6, 8, ನಿಲ್ಲುವ ಮುಂಚೆ ಮತ್ತೆ 6, 4, 2 ಹೀಗೆ ಸರಿಸಬೇಕು. ಒಂದೇ ಸಮ ಸರಿಸಿದರೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಕಾಣುತ್ತದೆ. ಸ್ಕೇಲು ಹಿಡಿದು ಕೂತವರಿಗೆ ಪರದೆ ನೋಡಲು ಪುರುಸೊತ್ತೆಲ್ಲಿ? ಇದು ಹೊಸ ಹುಚ್ಚೂ ಅಲ್ಲ. ದಾದಾಸಾಹೇಬ್ ಫಾಲ್ಕೆಯವರು ಬಟಾಣಿ ಗಿಡ ಬೆಳೆಯುವುದನ್ನು ತೋರಿಸಿದ್ದು ಹೀಗೆ ಬಿಡಿಬಿಡಿ ಫ್ರೇಮುಗಳನ್ನು ಜೋಡಿಸಿಯೇ.

ಗ್ರೂಪಿನಲ್ಲಿ ಹಾಕಿದ ಚಿತ್ರ ಮಿಣುಕುತ್ತಿತ್ತು ಎಂದವರ ಮಾತು ನಿಜ. ಮೋಡ ಬಂದು ಹೋದಂತೆಲ್ಲ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸಿ ಇಳಿಸಿತ್ತು. ಈಗ ಕಿಟಕಿ ಮುಚ್ಚಿ, ಒಂದೇ ಎಲ್‌ಇಡಿ ದೀಪ ಇಟ್ಟು, ಫೋಕಸ್, ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರೂ ತಾವಾಗಿಯೇ ಬದಲಾಗದಂತೆ ಲಾಕ್ ಮಾಡುತ್ತೇವೆ. ಶನಿವಾರ ಬಿಳಿ ಯೂನಿಫಾರ್ಮ್ ಬೇರೆ. ಬೊಂಬೆಯ ಪಕ್ಕ ನಿಂತರೆ ಅಂಗಿಯ ಬೆಳಕು ಅದರ ಮೇಲೆ ಬೀಳುತ್ತದೆ. ಹಾಗಾಗಿ ಪ್ರತಿ ಫೋಟೊಗೂ ಎಲ್ಲರೂ ಎರಡು ಹೆಜ್ಜೆ ಹಿಂದೆ.

ಮತ್ತೊಮ್ಮೆ ಹೇಳುತ್ತೇನೆ, ಬೇಸರ ಬೇಡ: ಈ ಫೋನುಗಳಲ್ಲಿ ಸಿಮ್ ಇರುವುದಿಲ್ಲ, ಇಂಟರ್ನೆಟ್ಟೂ ಇರುವುದಿಲ್ಲ. ನಿಮ್ಮ ಸಮಾಧಾನಕ್ಕಷ್ಟೇ ಅಲ್ಲ, ಇನ್ನೂರನೇ ಫೋಟೊ ಹೊತ್ತಿಗೆ ಕರೆ ಬಂದು ಫೋನು ನಡುಗಿದರೆ ಅಲ್ಲಿಯವರೆಗಿನ ಕೆಲಸ ಹಾಳು. ಮನೆಗೆ ಕೊಟ್ಟಿರುವುದು ಕತೆಯನ್ನು ಆರು ಚೌಕಗಳಲ್ಲಿ ಬರೆಯುವ ಕೆಲಸ ಮಾತ್ರ, ಅದಕ್ಕೆ ಪೆನ್ಸಿಲ್ ಸಾಕು. "ಮಿಸ್ ಹೇಳಿದ್ದಾರೆ" ಎಂದು ಫೋನು ಕೇಳಿದರೆ ದಯವಿಟ್ಟು ಕೊಡಬೇಡಿ.

ಬಳಸದ ಹಳೆಯ ಫೋನು ಮನೆಯಲ್ಲಿದ್ದರೆ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಚಾರ್ಜರ್ ಸಮೇತ ಶುಕ್ರವಾರದೊಳಗೆ ನೀವೇ ಆಫೀಸಿಗೆ ತಂದುಕೊಡಿ. ಪರದೆ ಒಡೆದಿದ್ದರೂ ನಡೆಯುತ್ತದೆ, ಕ್ಯಾಮೆರಾದ ಗಾಜು ಚೆನ್ನಾಗಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು