ಆರು ದಿನಗಳ ಶ್ರೀಲಂಕಾ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಆಗಸ್ಟ್ ಕೊನೆಯಲ್ಲಿ ಆರು ದಿನ ಬಿಡುವಿದೆ, ನಿನಗೆ ಕಾಡು ಬೇಕು, ನಿನ್ನ ಶ್ರೀಮತಿಯವರಿಗೆ ಹಳೆಯ ನಗರಗಳು ಬೇಕು, ಇಬ್ಬರಿಗೂ ಒಪ್ಪುವ ಹೊರದೇಶ ಯಾವುದು ಎಂದು ಕೇಳಿದ್ದೀಯ. ಅನುಮಾನವಿಲ್ಲದೆ ಹೇಳುತ್ತೇನೆ, ಶ್ರೀಲಂಕಾಕ್ಕೆ ಹೋಗಿ ಬನ್ನಿ. ಆದರೆ ಇಡೀ ದ್ವೀಪವನ್ನು ಸುತ್ತಲು ಹೋಗಬೇಡಿ. ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಕಡಲತೀರ ಎಲ್ಲವನ್ನೂ ಆರು ದಿನಗಳಲ್ಲಿ ತುರುಕಿದ ಪಟ್ಟಿಗಳು ಯಾರ ಬಳಿಯಾದರೂ ಸಿಗುತ್ತವೆ, ಅವನ್ನು ನಂಬಿ ಹೊರಟವರ ಅರ್ಧ ಪ್ರವಾಸ ವ್ಯಾನಿನಲ್ಲೇ ಕಳೆಯುತ್ತದೆ. ಅನುರಾಧಪುರ, ಪೊಲೊನ್ನರುವ, ಸಿಗಿರಿಯಗಳ ನಡುವಿನ ಒಣನಾಡೊಂದನ್ನೇ ಹಿಡಿದು, ಹಬರಣದಲ್ಲೋ ಸಿಗಿರಿಯದಲ್ಲೋ ಒಂದೇ ಕಡೆ ತಂಗಿ, ದಿನಕ್ಕೊಂದು ದಿಕ್ಕಿಗೆ ಹೋಗಿ ಬರುವುದು ಮೇಲು.

ಮಳೆಯ ಚಿಂತೆ ಬೇಡ. ಆ ತಿಂಗಳಲ್ಲಿ ನೈಋತ್ಯ ಮುಂಗಾರು ದ್ವೀಪದ ಪಶ್ಚಿಮ ತೀರವನ್ನೂ ನಡುವಿನ ಬೆಟ್ಟಗಳನ್ನೂ ತೋಯಿಸಿ ಅಲ್ಲೇ ಬರಿದಾಗುತ್ತದೆ; ಬೆಟ್ಟದಾಚೆಯ ಉತ್ತರ ಮತ್ತು ಪೂರ್ವದ ನಾಡು ನಮ್ಮ ಸಹ್ಯಾದ್ರಿಯ ಮೂಡಣ ಬಯಲಿನ ಹಾಗೆ ಒಣಗಿಯೇ ಇರುತ್ತದೆ. ಅಲ್ಲಿಗೆ ಮುಖ್ಯ ಮಳೆ ಬರುವುದು ಅಕ್ಟೋಬರ್‌ನಿಂದ ಜನವರಿಯವರೆಗೆ, ಈಶಾನ್ಯದಿಂದ. ವರ್ಷದ ಕೆಲವೇ ತಿಂಗಳು ಸುರಿಯುವ ನೀರನ್ನು ಹಿಡಿದಿಡದಿದ್ದರೆ ಅಲ್ಲಿ ಭತ್ತವೂ ಇಲ್ಲ, ನಗರವೂ ಇಲ್ಲ. ಆದ್ದರಿಂದಲೇ ಆ ನಾಡಿನ ಅರಸರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕೆರೆ ಕಟ್ಟುತ್ತ ಬಂದರು, ಮತ್ತು ಇಂದು ನೀನು ನೋಡಬೇಕೆನ್ನುವ ಆನೆ, ಕೊಕ್ಕರೆ, ಮೊಸಳೆಗಳೆಲ್ಲ ಆ ಕೆರೆಗಳನ್ನೇ ನಂಬಿ ಬದುಕಿವೆ. ನಿಮ್ಮಿಬ್ಬರ ಆಸೆಗಳು ಬೇರೆ ಬೇರೆ ಎಂದು ನೀನು ಬರೆದಿದ್ದೀಯಲ್ಲ, ಈ ಒಣನಾಡಿನಲ್ಲಿ ಅವೆರಡೂ ಒಂದೇ ಏರಿಯ ಮೇಲೆ ನಿಂತು ನೋಡಬಹುದಾದವು.

ಮೊದಲ ದಿನ ಕಟುನಾಯಕೆ ವಿಮಾನ ನಿಲ್ದಾಣದಿಂದ ನೇರವಾಗಿ ಕಲಾವೇವ ಕೆರೆಗೆ ಹೊರಡಿ. ಪ್ರವಾಸಿಗರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. 5ನೆಯ ಶತಮಾನದಲ್ಲಿ ಧಾತುಸೇನನೆಂಬ ಅರಸ ಕಟ್ಟಿಸಿದ ಈ ಕೆರೆಯಿಂದ ಅನುರಾಧಪುರದ ತಿಸ್ಸವೇವ ಕೆರೆಗೆ ಸುಮಾರು 87 ಕಿಲೋಮೀಟರ್ ಉದ್ದದ ಜಯಗಂಗಾ ಎಂಬ ಕಾಲುವೆ ಹರಿಯುತ್ತದೆ. ಅದರ ಮೊದಲ ಭಾಗದಲ್ಲಿ ಇಳಿಜಾರು ಕಿಲೋಮೀಟರಿಗೆ 10 ಸೆಂಟಿಮೀಟರಿನಷ್ಟು ಮಾತ್ರ. ಕಾಲುವೆಗೆ ಒಂದೇ ಬದಿಗೆ ಏರಿ ಹಾಕಿ, ಇನ್ನೊಂದು ಬದಿಯನ್ನು ಏರುನೆಲಕ್ಕೆ ಬಿಟ್ಟಿರುವುದರಿಂದ ಅದು ದಾರಿಯುದ್ದಕ್ಕೂ ಮಳೆನೀರನ್ನು ಕೂಡಿಸಿಕೊಳ್ಳುತ್ತ, ಅಲ್ಲಲ್ಲಿ ಸಣ್ಣ ಮಡುವಾಗಿ ಹರಡುತ್ತ ಸಾಗುತ್ತದೆ. ಆ ಕಾಲದ ಕೆರೆಗಳ ಏರಿಯೊಳಗೆ, ತೂಬಿನ ಬಳಿ, ಕಲ್ಲು ಕಟ್ಟಿದ ಚೌಕ ಬಾವಿಯೊಂದಿರುತ್ತದೆ. ಸಿಂಹಳರು ಅದನ್ನು ಬಿಸೋಕೊಟುವ ಎನ್ನುತ್ತಾರೆ. ನೀರಿನ ಒತ್ತಡ ಅಲ್ಲಿ ತಗ್ಗಿ, ಏರಿ ಕೊರೆಯದಂತೆ ಹೊರಗೆ ಬಿಡಲು ಅನುಕೂಲವಾಗುತ್ತಿತ್ತು. ಹತ್ತಿರದಲ್ಲೇ ಅವುಕನದಲ್ಲಿ ಒಂದೇ ಬಂಡೆಯಿಂದ ಕಡೆದ, 11 ಮೀಟರಿಗೂ ಎತ್ತರದ ನಿಂತ ಬುದ್ಧನಿದ್ದಾನೆ. ಅವನ ಚೀವರದ, ಅಂದರೆ ಭಿಕ್ಷುವಸ್ತ್ರದ, ನೆರಿಗೆಗಳನ್ನು ಬದಿಯಿಂದ ಬೀಳುವ ಬೆಳಕಿನಲ್ಲಿ ನೋಡಬೇಕು.

ಧಾತುಸೇನನನ್ನು ಮೊದಲು ತಿಳಿದರೆ ಸಿಗಿರಿಯ ಬೇರೆಯೇ ಆಗಿ ಕಾಣುತ್ತದೆ. ಅವನ ಮಗ ಕಾಶ್ಯಪ ಸಿಂಹಾಸನಕ್ಕಾಗಿ ತಂದೆಯನ್ನು ಸೆರೆ ಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿದೆ ಎಂದು ಪೀಡಿಸಿದಾಗ, ಮುದುಕ ಅರಸ ಕಲಾವೇವದ ನೀರಿಗಿಳಿದು ಬೊಗಸೆಯಲ್ಲಿ ನೀರೆತ್ತಿ, ತನ್ನಲ್ಲಿರುವ ಧನ ಇಷ್ಟೇ ಎಂದನೆಂದು ಸಿಂಹಳದ ಅರಸರ ಹಳೆಯ ಚರಿತ್ರೆಯಾದ ಚೂಳವಂಸ ಹೇಳುತ್ತದೆ. ತಂದೆಯನ್ನು ಕೊಂದ ಕಾಶ್ಯಪ, ದೇಶ ಬಿಟ್ಟು ಹೋದ ತಮ್ಮ ಮೊಗ್ಗಲ್ಲಾನ ಸೈನ್ಯದೊಡನೆ ಮರಳಿಯಾನೆಂದು ಸುಮಾರು 180 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿಕೊಂಡ. 495ರಲ್ಲಿ ಆ ತಮ್ಮ ಬಂದೇ ಬಂದ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಲು ಶುರು ಮಾಡಿ, ಬಿಸಿಲೇರಿದ ಮೇಲೆ ಆ ಮೆಟ್ಟಿಲುಗಳು ಕಷ್ಟ. ಬಂಡೆಯ ಮೇಲೆ ಬರೆದ ಚಿತ್ರದ ಅಪ್ಸರೆಯರ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಅದರ ಕೆಳಗಿನ, ನುಣುಪು ಗಾರೆಯ ಕನ್ನಡಿ ಗೋಡೆಯ ಬಳಿಯೂ ನಿಲ್ಲಿ. ಸಾವಿರ ವರ್ಷಗಳ ಹಿಂದಿನ ಪ್ರವಾಸಿಗರು ಆ ಹೆಂಗಸರ ಚೆಲುವನ್ನು ಕುರಿತು ಅದರ ಮೇಲೆ ಪದ್ಯ ಗೀಚಿದ್ದಾರೆ. ಸೆನರತ್ ಪರಣವಿತಾನ ಎಂಬ ವಿದ್ವಾಂಸರು ಕಣ್ಣಿಗೆ ಹತ್ತದ ಆ ಗೆರೆಗಳಿಂದ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬಂಡೆಯ ಸಂದುಗಳಲ್ಲಿ ಕಣಜದ ಗೂಡುಗಳಿವೆ, ಗದ್ದಲ ಮಾಡಬೇಡಿರೆಂಬ ಫಲಕವನ್ನು ದಯವಿಟ್ಟು ಪಾಲಿಸಿ.

ಅದೇ ದಿನ ಮಧ್ಯಾಹ್ನ ಮಿನ್ನೇರಿಯ. 3ನೆಯ ಶತಮಾನದ ಕೊನೆಯಲ್ಲಿ ಆಳಿದ ಮಹಾಸೇನ ಕಟ್ಟಿಸಿದ ಕೆರೆ ಅದು; ಊರಿನವರು ಅವನನ್ನು ಮಿನ್ನೇರಿ ದೇವರೆಂದು ಇಂದಿಗೂ ಪೂಜಿಸುತ್ತಾರೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಏಳುತ್ತದೆ, ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಅದನ್ನರಸಿ ಸುತ್ತಲಿನ ಕಾಡುಗಳಿಂದ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ. ಅವು ಹುಲ್ಲನ್ನು ಹಾಗೇ ತಿನ್ನುವುದಿಲ್ಲ. ಕಾಲಿನಿಂದ ಒದ್ದು ಕಿತ್ತು, ಸೊಂಡಿಲಲ್ಲಿ ಹಿಡಿದು ಮುಂಗಾಲಿಗೆ ಬಡಿದು, ಬೇರಿನ ಮಣ್ಣು ಉದುರಿದ ಮೇಲೆಯೇ ಬಾಯಿಗಿಡುತ್ತವೆ. ಕೆರೆಯಲ್ಲಿ ನೀರು ಹೆಚ್ಚು ನಿಂತ ವರ್ಷ ಹುಲ್ಲು ಮುಳುಗಿ, ಹಿಂಡುಗಳು ಕೌಡುಲ್ಲ ಅಥವಾ ಹುರುಲುವಿನ ಕಡೆಗೆ ತಿರುಗುತ್ತವೆ. ಆದ್ದರಿಂದ ಯಾವ ಕಾಡಿಗೆ ಟಿಕೆಟ್ ಎಂಬುದನ್ನು ಇಲ್ಲಿಂದಲೇ ಗೊತ್ತು ಮಾಡದೆ, ಅಂದು ಬೆಳಗ್ಗೆ ಜೀಪಿನವರನ್ನು ಕೇಳಿ ತೀರ್ಮಾನಿಸಿ. ಜೀಪು ಆನೆಗಳ ದಾರಿಗೆ ಅಡ್ಡ ನಿಲ್ಲಬಾರದೆಂದು ಹತ್ತುವ ಮೊದಲೇ ಖಡಾಖಂಡಿತವಾಗಿ ಹೇಳಿ.

ಪೊಲೊನ್ನರುವಕ್ಕೆ ಇಡೀ ಒಂದು ದಿನ ಬೇಕು, ಬಾಡಿಗೆ ಸೈಕಲ್ ಸಿಗುತ್ತದೆ. 993ರಲ್ಲಿ ಅನುರಾಧಪುರವನ್ನು ಕೊಳ್ಳೆ ಹೊಡೆದ ಚೋಳರು ರಾಜಧಾನಿ ಮಾಡಿಕೊಂಡ ಊರಿದು. ಅವರ ಕಾಲದ ಶಿವಾಲಯ ಇನ್ನೂ ನಿಂತಿದೆ. 1070ರಲ್ಲಿ ಅವರನ್ನು ಹೊರಗಟ್ಟಿದ ಸಿಂಹಳದ ಅರಸ ವಿಜಯಬಾಹುವಿಗೂ ಕರ್ಣಾಟದ ಅರಸನಿಗೂ ಕಾಣಿಕೆಗಳ ವಿನಿಮಯ ನಡೆದಿತ್ತೆಂಬುದು ಚೂಳವಂಸದಲ್ಲಿದೆ. ನಮ್ಮ ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ಬದ್ಧವೈರವಿದ್ದ ಕಾಲವದು. ಕರ್ಣಾಟಕ್ಕೆ ಹೊರಟ ಸಿಂಹಳದ ರಾಯಭಾರಿಗಳ ಕಿವಿ ಮೂಗುಗಳನ್ನು ಚೋಳನಾಡಿನಲ್ಲಿ ಕತ್ತರಿಸಲಾಯಿತು. 6ನೆಯ ವಿಕ್ರಮಾದಿತ್ಯನ ಬಗ್ಗೆ ಶಾಲೆಯಲ್ಲಿ ಓದಿದ ನಮಗೆ ಈ ಊರು ಪರಕೀಯವೆನಿಸುವುದಿಲ್ಲ. ನಂತರ ಬಂದ ಪರಾಕ್ರಮಬಾಹು (1153–1186), ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದೆಂದು ಆಜ್ಞಾಪಿಸಿ, ಹಳೆಯ ಕೆರೆಗಳನ್ನು ಒಂದುಗೂಡಿಸಿ ಪರಾಕ್ರಮ ಸಮುದ್ರವನ್ನು ಕಟ್ಟಿಸಿದ. ಗಲ್ ವಿಹಾರದಲ್ಲಿ ಮಲಗಿದ ಬುದ್ಧನ ತಲೆದಿಂಬನ್ನು ಹತ್ತಿರದಿಂದ ನೋಡು: ತಲೆಯ ಭಾರಕ್ಕೆ ಅದು ಕುಸಿದಿರುವ ತಗ್ಗನ್ನೂ ಶಿಲ್ಪಿ ಕಲ್ಲಿನಲ್ಲಿ ಕಡೆದಿದ್ದಾನೆ. ಇದೇ ಅವಶೇಷಗಳ ನಡುವೆ ಓಡಾಡುವ, ನೆತ್ತಿಗೆ ಟೊಪ್ಪಿಯಿಟ್ಟಂತೆ ಕೂದಲಿರುವ ಕೋತಿಗಳನ್ನು 1968ರಿಂದ ವೋಲ್ಫ್‌ಗ್ಯಾಂಗ್ ಡಿಟ್ಟಸ್ ಎಂಬ ವಿಜ್ಞಾನಿ ತಲೆಮಾರುಗಳ ಲೆಕ್ಕವಿಟ್ಟು ಅಧ್ಯಯನ ಮಾಡಿದ್ದಾರೆ.

ನನ್ನನ್ನು ಕೇಳಿದರೆ, ಇಡೀ ಪ್ರವಾಸದಲ್ಲಿ ತಪ್ಪಿಸಲೇಬಾರದ ಜಾಗ ರಿಟಿಗಲ. ಸಂರಕ್ಷಿತ ಕಾಡಿನ ಬೆಟ್ಟದ ಬುಡದಲ್ಲಿ 9ನೆಯ ಶತಮಾನದ ಅರಣ್ಯಾಶ್ರಮದ ಕಲ್ಲುಹಾದಿ ಮರಗಳ ಕೆಳಗೆ ಏರುತ್ತ ಹೋಗುತ್ತದೆ. ಚಿಂದಿ ಬಟ್ಟೆಯನ್ನಷ್ಟೇ ಉಡುವ ವ್ರತದ ಭಿಕ್ಷುಗಳು ಇದ್ದ ಸ್ಥಳವಾದ್ದರಿಂದ ಅಲ್ಲಿ ಸ್ತೂಪವಿಲ್ಲ, ವಿಗ್ರಹವಿಲ್ಲ. ಕಲ್ಲಿನ ಜಗಲಿಗಳು, ಅವುಗಳನ್ನು ಜೋಡಿಸುವ ಕಲ್ಲುಸೇತುವೆ, ಸ್ನಾನದ ದೊಡ್ಡ ಕೊಳ ಇವಿಷ್ಟೇ. ಕೆತ್ತನೆಯನ್ನೆಲ್ಲ ಅವರು ಮೂತ್ರ ಮಾಡಲು ಹಾಸಿದ ಕಲ್ಲುಗಳಿಗೆ ಮೀಸಲಿಟ್ಟಿದ್ದರು. ವೈಭವದ ವಿಹಾರಗಳ ಬಗೆಗಿನ ತಿರಸ್ಕಾರವೇ ಅದಕ್ಕೆ ಕಾರಣವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಶ್ರೀಲಂಕಾದಲ್ಲಿ ಮಾತ್ರ ಇರುವ ಕಾಡುಕೋಳಿಯನ್ನು ಇಲ್ಲಿ ಹುಡುಕು, ಹುಂಜದ ಕೆಂಪು ಜುಟ್ಟಿನ ನಡುವೆ ಹಳದಿ ಬಣ್ಣವಿರುತ್ತದೆ.

ಉಳಿದ ದಿನ ಅನುರಾಧಪುರಕ್ಕೆ ಮತ್ತು ಮಿಹಿಂತಲೆಗೆ. ಮಹಾಸೇನ ಆರಂಭಿಸಿದ ಜೇತವನ ಸ್ತೂಪ ಒಂದು ಕಾಲಕ್ಕೆ 122 ಮೀಟರ್ ಎತ್ತರವಿತ್ತು, ಪೂರ್ತಿ ಇಟ್ಟಿಗೆಯದು. ಮಿಹಿಂತಲೆಯಲ್ಲಿ ಜಿಂಕೆಯ ಬೆನ್ನಟ್ಟಿದ ಅರಸ ದೇವಾನಂಪಿಯ ತಿಸ್ಸನಿಗೆ ಅಶೋಕನ ಮಗ ಮಹಿಂದ ಎದುರಾದನೆಂಬ ಕಥೆಯಿದೆ, ಬೆಟ್ಟದ ಬುಡದ ಹಳೆಯ ಆಸ್ಪತ್ರೆಯಲ್ಲಿ ಮನುಷ್ಯನ ಮೈಯಾಕಾರಕ್ಕೇ ಕೊರೆದ ಔಷಧದ ಕಲ್ಲುತೊಟ್ಟಿಯಿದೆ.

ಬಿಳಿ ಅಥವಾ ತಿಳಿಬಣ್ಣದ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇಟ್ಟುಕೊಳ್ಳಿ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾದ್ದರಿಂದ ದಪ್ಪ ಕಾಲುಚೀಲವೂ ಇರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿ ಅವಮಾನವೆಂದು ತಿಳಿಯುತ್ತಾರೆ. ಸಾರ್ಕ್ ದೇಶದವರಿಗೆ ಸಿಗಿರಿಯದಂಥ ಕಡೆ ಟಿಕೆಟ್ಟಿನಲ್ಲಿ ರಿಯಾಯಿತಿ ಇರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ, ವೀಸಾ ನಿಯಮ ಆಗಾಗ ಬದಲಾಗುವುದರಿಂದ ಸರ್ಕಾರಿ ಜಾಲತಾಣದಲ್ಲೇ ನೋಡು. ಹುಣ್ಣಿಮೆಯ ದಿನ ಅಲ್ಲಿ ರಜೆ, ಅನುರಾಧಪುರದಲ್ಲಿ ಭಕ್ತರ ಸಂದಣಿ ಹೆಚ್ಚು. ಆ ದಿನವನ್ನು ರಿಟಿಗಲಕ್ಕೆ ಇಟ್ಟುಕೊಳ್ಳಿ. ತಾರೀಕು ಗೊತ್ತಾದ ಕೂಡಲೇ ಬರೆ, ಹುಣ್ಣಿಮೆ ನೋಡಿಕೊಂಡು ದಿನಗಳನ್ನು ಹಿಂದುಮುಂದು ಮಾಡಿ ಕಳಿಸುತ್ತೇನೆ.

ನಿನ್ನ ಗೆಳೆಯ